ಎಲೆರಿ ಮೇಡಂ ಹಾಡಿ ತೋರಿಸದ ಮೂರು ವಾರ

ಎಲೆರಿ ಪ್ರೊಥೆರೊ ಬೆಳಿಗ್ಗೆ ಎದ್ದ ಕೂಡಲೇ ಪಿಯಾನೋದಲ್ಲಿ ಒಂದೇ ಒಂದು ಸ್ವರ ಒತ್ತಿ, ಅದನ್ನು ಮೆಲ್ಲಗೆ ಹಾಡಿ ನೋಡುತ್ತಾರೆ. ಕಾಫಿ, ಫೋನು, ಪಕ್ಕದ ಮನೆಯವರಿಗೆ ಗುಡ್ ಮಾರ್ನಿಂಗು ಎಲ್ಲ ಆಮೇಲೆ. ಗಂಡ ತೀರಿಕೊಂಡ ಮರುದಿನವೂ ಇದನ್ನು ತಪ್ಪಿಸಲಿಲ್ಲವಂತೆ.

ಅವರು ಹುಟ್ಟಿದ್ದು ವೇಲ್ಸ್ ದೇಶದ ಒಂದು ಕಲ್ಲಿದ್ದಲು ಗಣಿಯ ಊರಿನಲ್ಲಿ. ಅಪ್ಪ ಗಣಿ ಕೆಲಸಗಾರರು. ಭಾನುವಾರ ಚರ್ಚಿನಲ್ಲಿ ಅವರ ದನಿಯೇ ಎಲ್ಲಕ್ಕಿಂತ ಮೇಲೆ. ಐವತ್ತು ದಾಟುವ ಹೊತ್ತಿಗೆ ಕಲ್ಲಿದ್ದಲಿನ ಪುಡಿ ಎದೆ ತುಂಬಿ, ಹಾಡುವುದಿರಲಿ, ನೀರು ಕೇಳಲೂ ಪಿಸುಗುಟ್ಟಬೇಕಾಯಿತು. ಮಗಳಿಗೆ ಆಗ ಹದಿನಾರು. ತನ್ನ ದನಿಯೂ ಹೀಗೇ ಹೋದೀತು ಎಂದು ಅಂದು ಹಿಡಿದ ಹೆದರಿಕೆ ಕಾರ್ಡಿಫ್‌ನ ಸಂಗೀತ ಶಾಲೆಗೂ, ಸ್ಯಾನ್ ಫ್ರಾನ್ಸಿಸ್ಕೋದ ಆಪೆರಾ ರಂಗಕ್ಕೂ ಜೊತೆಯಲ್ಲೇ ಬಂತು. ಇಪ್ಪತ್ತೆರಡು ವರ್ಷ ಮೇಳದಲ್ಲಿ ಹಾಡಿದರು. ಒಬ್ಬರೇ ಹಾಡುವ ಪಾತ್ರ ಸಿಕ್ಕಿದ್ದು ಮೂರೇ ಸಲ. ಆಮೇಲೆ ಹತ್ತಿರದ ಲಾಸ್ ಆಲ್ಟೋಸ್ ಊರಿನ ಮನೆಯಲ್ಲಿ ಮಕ್ಕಳಿಗೆ ಪಾಠ. ನನ್ನ ಮಗಳು ದೀಪ್ತಿ ಅಲ್ಲಿ ಆರು ವರ್ಷದಿಂದ ಕಲಿಯುತ್ತಿದ್ದಾಳೆ. ಪಾಠ ಮುಗಿಯುವ ತನಕ ನಾನು ಕಿಟಕಿ ಪಕ್ಕ ಕೂತಿರುತ್ತೇನೆ.

ಮೇಡಂ ಹೆಚ್ಚು ವಿವರಿಸುವವರಲ್ಲ. ತಾವು ಹಾಡಿ ತೋರಿಸುತ್ತಾರೆ, ಮಗು ತಿರುಗಿ ಹಾಡಬೇಕು. ಈ ಮಾರ್ಚಿನಲ್ಲಿ ಅದು ನಿಂತಿತು. ಪಿಯಾನೋ ನುಡಿಸುತ್ತಾರೆ, ಕೈ ಎತ್ತಿ ಸನ್ನೆ ಮಾಡುತ್ತಾರೆ, ಹಾಡು ಮಾತ್ರ ಇಲ್ಲ. ಇನ್ನೊಬ್ಬ ಹುಡುಗಿಯ ತಂದೆ ಶಿವಪ್ರಕಾಶ್ ನನ್ನತ್ತ ಬಾಗಿ, "ಏನಕ್ಕ, ಟೀಚರು ಮೌನವ್ರತಾನಾ? ನಮ್ಮನೆಯವ್ಳಿಗೂ ಸ್ವಲ್ಪ ಹೇಳ್ಕೊಡ್ಲಿ" ಎಂದು ನಕ್ಕರು.

ಮೂರನೆಯ ವಾರ ನಾನು ನನಗೆ ಬರುವ ಇಂಗ್ಲಿಷಿನಲ್ಲಿ ಹೇಳಿಯೇಬಿಟ್ಟೆ. "ನೀವು ಹಾಡಿದ್ದು ಕೇಳಿ ಮೂರು ವಾರ ಆಯ್ತು, ಮೇಡಂ."

"ಅಮ್ಮಾ, ಡೋಂಟ್" ಎಂದಳು ದೀಪ್ತಿ.

ಮೇಡಂ ಗಂಟಲ ಮೇಲೆ ಕೈಯಿಟ್ಟು ಕೂತರು. ಒಂದು ಬೆಳಿಗ್ಗೆ ಸ್ವರದ ಬದಲು ಬರೀ ಗಾಳಿ ಬಂದಿತ್ತಂತೆ. ಒಳಗೊಂದು ಗಂಟು ಬೆಳೆದಿದೆ. ತೆಗೆಯಲೇಬೇಕು. ಮಾತು ಉಳಿಯುತ್ತದೆ, ಹಾಡಿನ ಭರವಸೆ ಕೊಡಲಾರೆ ಎಂದಿದ್ದಾರೆ ಡಾಕ್ಟರು.

"ಆಪರೇಷನ್ನಿಗೆ ದಿನ ಗೊತ್ತುಮಾಡಿದ್ರು. ನಾನೇ ಫೋನ್ ಮಾಡಿ ಬೇಡ ಅಂದೆ. ಕಣ್ಣು ಮುಚ್ಚಿದ್ರೆ ಅಪ್ಪ ಪಿಸುಗುಟ್ಟೋದು ಕೇಳುತ್ತೆ."

ಅವರ ಕೈ ಹಿಡಿದುಕೊಂಡೆ, ತಣ್ಣಗಿತ್ತು. ದೇವರ ಹೆಸರನ್ನು ಮನಸ್ಸಿನಲ್ಲೇ ಹೇಳಿಕೊಂಡೆ.

ಗಂಟು ಬೆಳೆಯುತ್ತಿದೆ ಎಂದು ಡಾಕ್ಟರು ಮತ್ತೆ ಎಚ್ಚರಿಸಿದ ಮೇಲೆ, ಮೇ ತಿಂಗಳಲ್ಲಿ ಅವರು ಆಪರೇಷನ್ನಿಗೆ ಒಪ್ಪಿದರು. ಬರುವ ಮಂಗಳವಾರಕ್ಕೆ ಗೊತ್ತಾಗಿದೆ. ವಿಷಯ ತಿಳಿದು ತಮ್ಮ ತಮಾಷೆಗೆ ನಾಚಿಕೊಂಡ ಶಿವಪ್ರಕಾಶ್ ನಿನ್ನೆ ಲ್ಯಾಪ್‌ಟಾಪ್ ತಂದರು. ಕಂಪ್ಯೂಟರಿಗೆ ಮನುಷ್ಯರ ದನಿ ಕಲಿಸುವುದೇ ಅವರ ಆಫೀಸಿನ ಕೆಲಸ.

"ನಿಮ್ಮ ಹಳೇ ರೆಕಾರ್ಡಿಂಗೆಲ್ಲ ಕೊಡಿ ಮೇಡಂ. ಏನೇ ಆದ್ರೂ ಮಕ್ಕಳಿಗೆ ನೀವೇ ಹಾಡಿ ತೋರಿಸಿದ ಹಾಗಿರುತ್ತೆ."

ಮಗಳ ಪಾಠದ ಹಳೇ ವಿಡಿಯೋಗಳಿಂದ ಮಾಡಿದ ಒಂದು ತುಣುಕನ್ನು ಮಾದರಿಗೆಂದು ಕೇಳಿಸಿದರು. ಎಲೆರಿ ಮೇಡಂ ಎಂದೂ ಹಾಡದ ಹಾಡು, ಅವರದೇ ದನಿಯಲ್ಲಿ, ಎಲ್ಲೂ ಉಸಿರು ತೆಗೆದುಕೊಳ್ಳದೆ ಸಾಗಿತು. ಮೇಡಂ ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡರು.

"ನೀವು ಒಳ್ಳೆಯವರು" ಎಂದರು. "ಆದರೆ ಬೇಡ. ಇದು ಮನೇಲಿದ್ರೆ, ಆಪರೇಷನ್ ಆದ್ಮೇಲೆ ಬಾಯಿ ತೆರೆದು ಹಾಡಿ ನೋಡೋ ಧೈರ್ಯ ನನಗೆ ಬರೋದೇ ಇಲ್ಲ."

ಶಿವಪ್ರಕಾಶ್ ಇನ್ನೇನೋ ಹೇಳಹೊರಟರು. ಮೇಡಂ ಲ್ಯಾಪ್‌ಟಾಪನ್ನು ತಾವೇ ಮುಚ್ಚಿ, ಎರಡೂ ಕೈಯಲ್ಲಿ ಎತ್ತಿ ಅವರಿಗೆ ಕೊಟ್ಟರು.