ಒಂದು ದೀಪ ಬಿಟ್ಟು

ಬೇಗೂರಿನ ಕಾಡುದಾರಿಯಲ್ಲಿ ನಮ್ಮ ಯಜಮಾನರು ಆನೆಗೆ ಹಾರ್ನ್ ಹೊಡೆದರು. ಕುಟ್ಟದಿಂದ ಬರುತ್ತಿದ್ದೆವು, ಇನ್ನೂ ಬಿಸಿಲಿತ್ತು. ರಸ್ತೆಯ ಅಂಚಿನಲ್ಲಿ ನಮಗೆ ಬೆನ್ನು ಹಾಕಿ ನಿಂತಿದ್ದ ಆನೆಯನ್ನು ಅವರು ಕೆಟ್ಟು ನಿಂತ ಲಾರಿ ಎಂದುಕೊಂಡರು. ತಿರುವಿನಲ್ಲಿ ನಿಲ್ಲಿಸಿದ್ದಾನಲ್ಲ, ಬುದ್ಧಿಯಿಲ್ಲದವನು ಎಂದು ಬೈದು ಇನ್ನೊಂದು ಸಲ ಹೊಡೆದರು. ಲಾರಿ ಕಿವಿ ಅಲ್ಲಾಡಿಸಿತು. ಹಿಂದೆ ಕೂತಿದ್ದ ಸೊಸೆ ಅವರ ಭುಜ ಹಿಡಿದು ಕಾರು ನಿಲ್ಲಿಸಿದಳು. ಆನೆ ನಮ್ಮನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿದಿರಿನೊಳಗೆ ಹೋಯಿತು. ಅದು ಅದರ ದೊಡ್ಡತನ.

ತೃಶ್ಶಿಲೇರಿಯ ಮನೆಗೆ ಬಂದ ಮೇಲೂ ನನ್ನ ಕೈಕಾಲು ಒಂದು ಕಡೆ ನಿಲ್ಲಲಿಲ್ಲ. ಒಲೆಯ ಮುಂದೆ ಹೋದೆ, ಅಂಗಳಕ್ಕೆ ಬಂದೆ, ಗುಡಿಸಿದ ಜಾಗವನ್ನೇ ಮತ್ತೆ ಗುಡಿಸಿದೆ. ಕಣ್ಣಿಗೆ ಪೊರೆ ಬಂದಿದೆ, ಆಸ್ಪತ್ರೆಗೆ ಹೋಗೋಣ ಎಂದರೆ ಅವರು ಕೇಳುವವರಲ್ಲ. ಮಗ ಹೇಳಿದರೆ, ನಿನಗೆ ಸ್ಟಿಯರಿಂಗ್ ಹಿಡಿಯಲು ಕಲಿಸಿದ್ದು ಯಾರು ಎಂದು ಕೇಳುತ್ತಾರೆ. ಮಗ ಟ್ರ್ಯಾಕ್ಟರ್ ಹತ್ತಿ ಹೋಗಿಬಿಡುತ್ತಾನೆ. ಮೆಣಸು ಕೊಡಲು ಪುಲ್ಪಳ್ಳಿಗೂ ಹುಣ್ಣಿಮೆಗೆ ಬಸದಿಗೂ ಅವರೇ ಕಾರು ಓಡಿಸಬೇಕು. ಅವರು ಹೊರಟ ದಿನ, ಅವರು ವಾಪಸ್ಸು ಬರುವ ತನಕ ನಾನು ಗೇಟಿಗೂ ಅಡುಗೆಮನೆಗೂ ನಡೆಯುತ್ತಲೇ ಇರುತ್ತಿದ್ದೆ.

ಊಟದಲ್ಲೂ ಇದೇ ಗೋಳು. ನಮ್ಮಲ್ಲಿ ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ನಮ್ಮ ಮಾವನವರ ಕಾಲದಿಂದಲೂ ಈ ಮನೆಯಲ್ಲಿ ಅದಕ್ಕೆ ಗಡಿಯಾರ ನೋಡುವ ರೂಢಿಯಿಲ್ಲ. ಅಂಗೈ ಚಾಚಿ ನೋಡಬೇಕು. ಗೆರೆ ಕಂಡರೆ ಉಣ್ಣಬಹುದು, ಕಾಣದಿದ್ದರೆ ಕೈ ತೊಳೆಯಬೇಕು. ಆ ವರ್ಷ ಯಜಮಾನರು ಮೆಣಸಿನ ಬಳ್ಳಿಯ ಮೇಲೆ ಬಿಸಿಲಿರುವಾಗಲೇ ಎಲೆಯ ಮುಂದೆ ಅಂಗೈ ಚಾಚಿ, ಹೊತ್ತಾಯಿತು ಎಂದು ಅರ್ಧ ಊಟದಲ್ಲಿ ಎದ್ದುಬಿಡುತ್ತಿದ್ದರು. ಮೊದಲು ಮೋಡ ಎಂದರು. ಮೋಡವಿಲ್ಲದ ದಿನ, ಈ ವರ್ಷ ಹೊತ್ತೇ ಬೇಗ ಮುಳುಗುತ್ತಿದೆ ಎಂದರು. ನಾನು ದಿನದಿಂದ ದಿನಕ್ಕೆ ಒಲೆ ಮೊದಲೇ ಹಚ್ಚುತ್ತಾ ಬಂದು, ಮಧ್ಯಾಹ್ನದ ಪಾತ್ರೆ ಒಣಗುವ ಮೊದಲೇ ಸಂಜೆಯ ಅನ್ನಕ್ಕೆ ಇಡುವಂತಾಯಿತು. ಆದರೂ ಗಂಡಸು ಸೊರಗಿದರು. ಸೂರ್ಯನ ಮೇಲೆ ತಪ್ಪು ಹೊರಿಸಿ ಹಸಿದುಕೊಂಡು ಮಲಗುವವರಿಗೆ ಏನು ಹೇಳುವುದು?

ಊಟವಾದ ಮೇಲೆ ಅವರು ಶೆಡ್ಡಿನಲ್ಲಿ ನಿಂತ ಕಾರಿನೊಳಗೆ ಕೂತು ರೇಡಿಯೋ ಹಾಕುತ್ತಾರೆ. ನಮ್ಮೂರು ಮಲಯಾಳದ ಸೀಮೆ, ಮನೆಯ ಟಿವಿಯಲ್ಲೆಲ್ಲ ಮಲಯಾಳವೇ. ಕನ್ನಡದ ವಾರ್ತೆ ಸಿಗುವುದು ಆ ಹಳೆಯ ಕಾರಿನ ಹಳೆಯ ಸ್ಟೀರಿಯೋದಲ್ಲಿ ಮಾತ್ರ, ಅದೂ ಏರಿಯಲ್ ಕಡ್ಡಿ ಪೂರ್ತಿ ಎಳೆದರೆ. ಕ್ಯಾಸೆಟ್ ಬಾಯಿಯ ಕೆಳಗೆ ಸಾಲಾಗಿ ಆರು ಬಟನ್. ಒಂದೊಂದರ ಹಿಂದೆ ಒಂದು ಹಸಿರು ದೀಪ. ಆ ದೀಪಗಳು ಒಂದೊಂದಾಗಿ ಸುಟ್ಟು ಆರೂ ಕತ್ತಲಾಗಿದ್ದವು. ಅವರು ಕೈಗೆ ಸಿಕ್ಕಿದ್ದನ್ನು ಒತ್ತಿ ಸ್ಟೇಷನ್ ತಪ್ಪಿಸಿಕೊಂಡು ನನ್ನನ್ನು ಕೂಗುವುದು. ಕಾಣುವುದಿಲ್ಲವಲ್ಲ, ಅದಕ್ಕೇ ಆಸ್ಪತ್ರೆ ಎನ್ನುವುದು ನಾನು. ಕಣ್ಣು ಸರಿಯಿದೆ, ಬಲ್ಬು ಹೋಗಿದೆ ಎನ್ನುವುದು ಅವರು. ಬಲ್ಬು ಹೋಗಿದ್ದದ್ದು ನಿಜವೇ ಆದ್ದರಿಂದ ನನ್ನ ಬಾಯಿ ಅಲ್ಲಿಗೆ ಮುಚ್ಚುತ್ತಿತ್ತು.

ಆನೆಯ ಮರುದಿನ, ಆಸ್ಪತ್ರೆಗೆ ಬರುತ್ತೀರೋ ಇಲ್ಲವೋ ಎಂದು ಹಿಡಿದು ಕೇಳಿದೆ. ಅವರೂ ಬಿಗಿಯಾಗಿಯೇ ಹೇಳಿದರು.

"ಬಲ್ಬು ಹಾಕ್ಸು. ಅದು ಉರಿದೂ ನನಗೆ ಕಾಣದಿದ್ರೆ ನೀನು ಹೇಳಿದ ಆಸ್ಪತ್ರೆಗೆ ಬರ್ತೀನಿ. ಕಂಡ್ರೆ ಆಮೇಲೆ ಕಣ್ಣಿನ ಮಾತೆತ್ತಬಾರದು."

"ಶೆರಿ," ಎಂದೆ.

ಸೊಸೆ ಸ್ಕ್ರೂ ಬಿಚ್ಚಿ ಸ್ಟೀರಿಯೋ ಹೊರಗೆಳೆದಳು. ಟವೆಲಿನಲ್ಲಿ ಸುತ್ತಿಕೊಂಡು ಇಬ್ಬರೂ ಬಸ್ಸಿನಲ್ಲಿ ಮಾನಂತವಾಡಿಗೆ ಹೋದೆವು. ಅಲ್ಲಿ ಒಬ್ಬ ಮಲಯಾಳಿ ಹಳೆಯ ರೇಡಿಯೋ, ಮಿಕ್ಸಿ ಎಲ್ಲ ರಿಪೇರಿ ಮಾಡುತ್ತಾನೆ. ಬಾಯಿ ಜಾಸ್ತಿ, ಕೈಯೂ ಪರವಾಗಿಲ್ಲ. ಮುಂದಿನ ಮುಖ ಕಳಚಿ ಬಟನ್ನುಗಳ ಹಿಂದಿನ ಹಲಗೆ ತೆಗೆದ. ಬಲ್ಬು ಎಂದರೆ ಜೀರಿಗೆ ಕಾಳಿನಷ್ಟು, ಎರಡು ಕೂದಲಿನಂಥ ತಂತಿ. ಗಾಜು ಕಪ್ಪಗೆ ಹೊಗೆ ಹಿಡಿದಿತ್ತು. ಒಂದೊಂದಕ್ಕೂ ಹಸಿರು ರಬ್ಬರಿನ ಟೊಪ್ಪಿ. ಬೆಳಕು ಹಸಿರಾಗಿದ್ದದ್ದು ಅದರಿಂದ. ಅಂಥ ಬಲ್ಬು ಈಗ ಬರುವುದಿಲ್ಲ, ಸಣ್ಣ ಎಲ್‌ಇಡಿ ಹಾಕುತ್ತೇನೆ ಎಂದ. ಮೊದಲನೆಯದನ್ನು ಬೆಸೆದು ಬ್ಯಾಟರಿಗೆ ಮುಟ್ಟಿಸಿದರೆ ಉರಿಯಲಿಲ್ಲ. ಇದಕ್ಕೆ ತಲೆಕಾಲು ಉಂಟು, ತಿರುಗಿಸಿ ಹಾಕಬೇಕು ಎಂದು ನಕ್ಕು ತಿರುಗಿಸಿದ. ಉರಿಯಿತು, ಆದರೆ ಟಾರ್ಚಿನ ಹಾಗೆ ಬೆಳ್ಳಗೆ. ಹಳೆಯ ಟೊಪ್ಪಿಯನ್ನು ಉಗುರಿನಿಂದ ಬಿಡಿಸಿ ಇದರ ತಲೆಗೆ ಹಾಕಿದ. ಆಗ ಹಸಿರಾಯಿತು.

ನಾನು ಸ್ಟೂಲಿನ ಮೇಲೆ ಕೂತೆ, ಎದ್ದೆ, ಅವನ ಹೆಗಲ ಮೇಲಿಂದ ಬಗ್ಗಿದೆ. ಬೆಳಕಿಗೆ ಅಡ್ಡ ನಿಲ್ಲಬೇಡಿ ಎಂದು ಎರಡು ಸಲ ಹೇಳಿಸಿಕೊಂಡೆ. ನನ್ನ ತಲೆಯಲ್ಲಿ ಬೇರೆಯೇ ಓಡುತ್ತಿತ್ತು. ಆರು ಬಟನ್ ಇರುವುದು ಯಜಮಾನರಿಗೆ ಬಾಯಿಪಾಠ. ಕಾಣಲಿ ಬಿಡಲಿ, ಆರು ದೀಪ ಎಂದುಬಿಡುತ್ತಾರೆ. ಎಂದ ಮೇಲೆ ಮಾತು ಮುಗಿಯಿತು, ಕಾರು ಅವರ ಕೈಯಲ್ಲೇ.

"ಮೋನೇ, ಮೂರನೇದಕ್ಕೆ ಹಾಕ್ಬೇಡ," ಎಂದೆ, ಮಗನನ್ನು ಕರೆದ ಹಾಗೆ.

ಅವನು ಬೆಸೆಯುವ ಕಡ್ಡಿ ಕೆಳಗಿಟ್ಟು ಯಾಕೆಂದು ಕೇಳಿದ. ಸೊಸೆ ಹೇಳಿದಳು. ಅಜ್ಜನ ಕಣ್ಣು ನೋಡುವ ಡಾಕ್ಟರು ನಾನಾದೆನೇ ಎಂದು ಅವನು ಬಹಳ ಹೊತ್ತು ನಕ್ಕ. ಆಮೇಲೆ, ನನ್ನ ಕೆಲಸ ಅರ್ಧಂಬರ್ಧ ಎಂದು ಊರಲ್ಲಿ ಹೇಳಬಾರದು ಎಂದು ಮಾತು ತೆಗೆದುಕೊಂಡು ಮೂರನೆಯದನ್ನು ಖಾಲಿ ಬಿಟ್ಟ.

ಅಂದು ಸಂಜೆ ಸೊಸೆ ಅದನ್ನು ಕೂರಿಸಿದಳು. ಹೊರಗೆ ಇನ್ನೂ ಸ್ವಲ್ಪ ಬೆಳಕಿತ್ತು, ಶೆಡ್ಡಿನೊಳಗೆ ಮಬ್ಬು. ಯಜಮಾನರು ಒಳಗೆ ಕೂತು ಕೀಲಿ ಅರ್ಧ ತಿರುಗಿಸಿದರು. ನಾನು ಪಕ್ಕದ ಸೀಟಿನಲ್ಲಿದ್ದೆ. ಐದು ಹಸಿರು ದೀಪ, ನಡುವೆ ಹಲ್ಲು ಬಿದ್ದ ಹಾಗೆ ಒಂದು ಸಂದು. ಅವರು ಮುಖ ಹತ್ತಿರ ತಂದು ನೋಡಿದರು.

"ಆರೂ ಉರೀತಾ ಉಂಟು. ಹೇಳಲಿಲ್ವಾ ನಾನು?"

ಸುಳ್ಳು ಹೇಳಿದರು ಎನ್ನಲಾರೆ. ಇಷ್ಟು ವರ್ಷ ನೋಡಿದ ದೀಪ; ಅವರ ತಲೆಯೊಳಗೆ ಆರೂ ಉರಿಯುತ್ತಿದ್ದಿರಬೇಕು.

"ಐದೇ ಇರೋದು. ಒಂದು ನಾನೇ ಹಾಕಿಸಲಿಲ್ಲ," ಎಂದೆ.

ಅವರು ಸಾಲಿನ ಮೇಲೆ ಬೆರಳಾಡಿಸಿ ಒಂದು ಬಟನ್ನಿನ ಮೇಲೆ ನಿಲ್ಲಿಸಿ, "ಇದಲ್ವಾ?" ಎಂದರು. ಅದು ಐದನೆಯದು, ಚೆನ್ನಾಗಿ ಉರಿಯುತ್ತಿತ್ತು. ಬೆರಳ ಸಂದಿನಿಂದ ಹಸಿರು ಬರುತ್ತಿತ್ತು. ನಾನು ಅಲ್ಲ ಎಂದೆ. ಅವರ ಬೆರಳು ಇನ್ನೊಂದಕ್ಕೆ ಹೋಗಲಿಲ್ಲ.

"ಕಟ್ಟಿಕೊಂಡವನಿಗೆ ಪರೀಕ್ಷೆ ಇಡ್ತೀಯಾ ನೀನು?"

"ಮೊದಲು ಇಟ್ಟದ್ದು ಆನೆ. ನೀವು ಅದರಲ್ಲೂ ಪಾಸಾಗಲಿಲ್ಲ."

ಬಾಗಿಲು ತೆರೆದೇ ಬಿಟ್ಟು ಇಳಿದು ಹೋದರು. ನಾನು ರೇಡಿಯೋ ಆರಿಸಿ ಕೀಲಿ ತೆಗೆದುಕೊಂಡೆ. ಗೆದ್ದೆ ಎಂದು ಅನಿಸಬೇಕಿತ್ತು, ಅನಿಸಲಿಲ್ಲ. ಬೆಳಗ್ಗೆ ಏನು ಹೇಳುತ್ತಾರೋ ಎಂದುಕೊಂಡು ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ.

ಬೆಳಗ್ಗೆ ಅವರು ಇಸ್ತ್ರಿ ಮಾಡಿದ ಪಂಚೆ ಉಟ್ಟು ಬಂದು ಸೊಸೆಗೆ ಕಾರು ತೆಗೆಯಲು ಹೇಳಿದರು. ನನ್ನ ಕಡೆ ನೋಡಲಿಲ್ಲ. ಹೋಗಿ ಎಡಗಡೆ ಕೂತರು. ಕಲ್ಪೆಟ್ಟದ ಆಸ್ಪತ್ರೆ ತಲುಪುವ ತನಕ ಇಲ್ಲದ ಬ್ರೇಕನ್ನು ಅವರ ಕಾಲು ಒತ್ತುತ್ತಿತ್ತು. ಹಿಂದೆ ಕೂತ ನಾನೂ ಒತ್ತುತ್ತಿದ್ದೆ. ಕೊನೆಗೆ ಸೊಸೆಗೆ ತಡೆಯದಾಯಿತು: "ಮಾವ, ಅತ್ತೆ, ಕಾರು ಒಬ್ಬರು ಓಡಿಸಿದ್ರೆ ಸಾಕು."

ಡಾಕ್ಟರಮ್ಮ ಎರಡೂ ಕಣ್ಣಿಗೆ ಬೆಳಕು ಬಿಟ್ಟು ನೋಡಿ, ಪೊರೆ ಸಾಕಷ್ಟು ಬಲಿತಿದೆ, ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಕೇಳಿದರು. ಒಂದು ಕಣ್ಣಿನ ಆಪರೇಷನ್ ಮುಂದಿನ ವಾರ, ಇನ್ನೊಂದರದು ಅದು ವಾಸಿಯಾದ ಮೇಲೆ. ಯಜಮಾನರು ನೋವಾಗುತ್ತದೆಯೇ ಎಂದು ಕೇಳಲಿಲ್ಲ, ಖರ್ಚು ಕೇಳಲಿಲ್ಲ. ಕಾರು ಯಾವಾಗ ಓಡಿಸಬಹುದು ಎಂದು ಮಾತ್ರ ಕೇಳಿದರು. ಎರಡೂ ಕಣ್ಣು ಮುಗಿದು ನಾನು ಹೇಳುವ ತನಕ ಮುಟ್ಟಬಾರದು ಎಂದರು ಡಾಕ್ಟರಮ್ಮ.

ಇದನ್ನೂ ನೀನೇ ಹೇಳಿಕೊಟ್ಟೆಯಾ ಎಂಬಂತೆ ಅವರು ನನ್ನ ಕಡೆ ತಿರುಗಿದರು. ನಾನು ಅಲ್ಲ ಎನ್ನಲು ಹೋಗಲಿಲ್ಲ. ಕೈ ಹಿಡಿದು ಮೆಟ್ಟಿಲು ಇಳಿಸಿದೆ. ಬಿಡಿಸಿಕೊಳ್ಳಲಿಲ್ಲ.