ಬಚ್ಚಲ ಒಲೆಯಿಂದ ಬೆಚ್ಚಗಾದ ಬಾಣಂತಿ ಕೋಣೆ

ಸರ್ಕಾರಿ ಕಟ್ಟಡಕ್ಕೆ ಅಡಿಗಲ್ಲು ಇಟ್ಟವರ ಹೆಸರು ಕಲ್ಲಿನ ಮೇಲೆ ಉಳಿಯುತ್ತದೆ. ಬಿಸಿಲಲ್ಲಿ ನಿಂತು ಕಟ್ಟಿಸಿದವರ ಹೆಸರು ಸುಣ್ಣದ ಕೆಳಗೆ ಮರೆಯಾಗುತ್ತದೆ. ಇದು ಲೋಕದ ರೂಢಿ. ಈ ರೂಢಿಗೆ ನಮ್ಮ ಸೀಮೆಯಲ್ಲಿ ಕಾಣಸಿಗುವ ಅಪರೂಪದ ಅಪವಾದವೆಂದರೆ, ಇದೇ ತಿಂಗಳು ಓವರ್‌ಸಿಯರ್ ಹುದ್ದೆಯಿಂದ ನಿವೃತ್ತರಾಗುತ್ತಿರುವ ಶ್ರೀಯುತ ಶಿವರುದ್ರಸ್ವಾಮಿಯವರು. ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ಬಸ್ಸಿನಲ್ಲಿ ಅವರ ಹೆಸರೆತ್ತಿದರೆ ಸಾಕು, ಯಾರಾದರೊಬ್ಬರು ತಿರುಗಿ, “ಬಚ್ಚಲು ಸ್ವಾಮ್ಯೋರಾ? ಗೊತ್ತು ಬುಡಿ” ಎನ್ನುತ್ತಾರೆ. ಈ ಬಿರುದನ್ನು ಕೇಳಿ ಸ್ವತಃ ಶಿವರುದ್ರಸ್ವಾಮಿಯವರೇ ಮೀಸೆಯಡಿಯಲ್ಲಿ ನಗುವುದುಂಟು: “ಒಬ್ಬರ ಪಾಲಿಗೆ ಸೇತುವೆ ಬರ್ತದೆ, ಒಬ್ಬರ ಪಾಲಿಗೆ ಅಣೆಕಟ್ಟು. ನನ್ನ ಪಾಲಿಗೆ ಬಚ್ಚಲು ಬಂತು. ಬಂದದ್ದನ್ನ ಚೆನ್ನಾಗಿ ಕಟ್ಟಬೇಕು, ಅಷ್ಟೆ.”

ಅವರು ಹುಟ್ಟಿ ಬೆಳೆದದ್ದು ಯಳಂದೂರಿನಲ್ಲಿ. ಆ ಮನೆಯ ಬಚ್ಚಲಿಗೂ ನಡುಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಮಾಗಿಯ ಬೆಳಗಿನಲ್ಲಿ ತಾಯಿ ಚನ್ನಾಜಮ್ಮನವರು ಹಂಡೆಯ ಒಲೆಗೆ ಉರಿ ಹಾಕಿದರೆ, ಈಚೆ ಬದಿಯಲ್ಲಿ ಮನೆಯ ಬೆಕ್ಕು ಬಂದು ಆ ಗೋಡೆಗೆ ಬೆನ್ನು ಕೊಟ್ಟು ಮಲಗುತ್ತಿತ್ತು. ಬೆಕ್ಕಿನ ಪಕ್ಕದಲ್ಲಿ ಪುಸ್ತಕ ಹಿಡಿದ ಮಗ. “ಬೆಕ್ಕಿಗಿರೋ ಬುದ್ಧಿ ನಿಂಗೂ ಬಂತಲ್ಲ, ಬುಡು” ಎಂದು ತಾಯಿ ಹಾಸ್ಯ ಮಾಡುತ್ತಿದ್ದರಂತೆ. ಆ ಗೋಡೆಯ ಬಿಸುಪು ಅವರ ಬೆನ್ನಿನಲ್ಲಿ ಉಳಿದುಕೊಂಡಿತ್ತು ಎಂಬುದಕ್ಕೆ ಮುಂದಿನ ಸಂಗತಿಯೇ ಸಾಕ್ಷಿ.

ಸಾವಿರದ ಒಂಬೈನೂರ ಐವತ್ತಾರರಲ್ಲಿ ಕೊಳ್ಳೇಗಾಲವು ಕೊಯಮತ್ತೂರು ಜಿಲ್ಲೆಯಿಂದ ಬಿಡಿಸಿಕೊಂಡು ಮೈಸೂರು ರಾಜ್ಯಕ್ಕೆ ಸೇರಿದಾಗ, ಈ ಕಡೆಗೆ ವರ್ಗವಾಗಿ ಬಂದ ಮೊದಲ ತಂಡದಲ್ಲಿ ಶಿವರುದ್ರಸ್ವಾಮಿಯವರೂ ಇದ್ದರು. ಕಚೇರಿಯಲ್ಲಿ ಹಳಬರು ತಮಿಳಿನಲ್ಲಿ ಲೆಕ್ಕ ಹೇಳುತ್ತಿದ್ದರು, ಹೊಸಬರು ಕನ್ನಡದಲ್ಲಿ ಕೇಳುತ್ತಿದ್ದರು, ಮಧ್ಯೆ ಚಹಾ ಮಾತ್ರ ಎರಡು ಭಾಷೆಗೂ ಅರ್ಥವಾಗುತ್ತಿತ್ತು. ಇಂಥ ಹೊತ್ತಿನಲ್ಲಿ ಅವರ ಪಾಲಿಗೆ ಬಂದದ್ದು ಹನೂರಿನಾಚೆಯ ಕಲ್ಬಾವಿಪಾಳ್ಯ ಎಂಬ ಪುಟ್ಟ ಊರು. ಅಲ್ಲಿ ಹಿಂದಿನವರ ಕಾಲದ ಧಾನ್ಯದ ಉಗ್ರಾಣವೊಂದನ್ನು ಹೆರಿಗೆ ಕೋಣೆಯಾಗಿ ಮಾರ್ಪಡಿಸಿದ್ದರು. ಮೂರು ಮಂಚ, ಒಂದು ಬೀರು, ಒಬ್ಬರು ದಾದಿ. ಕೋಣೆಯ ಹಿಂದೆ, ಒಬ್ಬರು ನಿಂತರೆ ಇನ್ನೊಬ್ಬರು ಹೊರಗಿರಬೇಕಾದಷ್ಟು ಇಕ್ಕಟ್ಟಿನ ಬಚ್ಚಲು.

ದಾದಿ ಚೆಲುವಮ್ಮನವರು ಮಾತಿನಲ್ಲಿ ಖಾರ, ಮನಸ್ಸಿನಲ್ಲಿ ಬೆಲ್ಲ. ಅವರ ಸಂಕಟ ಇದು: ಊರ ಹೆಂಗಸರು ಹೆರಿಗೆಗೆ ಬರುತ್ತಿದ್ದರು, ಹೆತ್ತ ದಿನವೇ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಗಾಡಿ ಹತ್ತಿಬಿಡುತ್ತಿದ್ದರು. ಬಾಣಂತಿಗೆ ಹಂಡೆ ತುಂಬ ಬಿಸಿನೀರು ಬೇಕು, ಬೆಚ್ಚನೆಯ ಕೋಣೆ ಬೇಕು; ಇಲ್ಲಿ ಎರಡೂ ಇರಲಿಲ್ಲ. ಬೆಟ್ಟದ ಕಡೆಯಿಂದ ಬೀಸುವ ಕುಳಿರ್ಗಾಳಿಗೆ ಹಳೆಯ ಉಗ್ರಾಣದ ಕಲ್ಲು ಗೋಡೆ ಬೆಳಗಿನವರೆಗೂ ತಣ್ಣಗೆ ಕೊರೆಯುತ್ತಿತ್ತು. ಕೆಂಡದ ಬಾಂಡ್ಲಿ ಇಟ್ಟರೆ ಒಂದು ಮಂಚ ಹೊರಗೆ ಹೋಗಬೇಕು. ಮೇಲಾಗಿ, ಕದ ಮುಚ್ಚಿದ ಕೋಣೆಯಲ್ಲಿ ಕೆಂಡವೆಂದರೆ ಕೂಸಿನ ಉಸಿರಿಗೆ ಕುತ್ತು. ಬೇಸಿಗೆಯ ಹೊತ್ತಿಗೂ ಬಾಣಂತಿಯರು ನಿಲ್ಲದಿದ್ದರೆ ಕೋಣೆಯನ್ನು ಮುಚ್ಚಿ ದಾದಿಯನ್ನು ಪೇಟೆಗೆ ಕಳಿಸುವುದೆಂದು ಮೇಲಿನಿಂದ ಮಾತು ಬಂದಿತ್ತು. ಮುಚ್ಚಿದರೆ, ಹೆರಿಗೆ ಕಷ್ಟವಾದ ಹೆಣ್ಣುಮಗಳು ಕಾಮಗೆರೆಯ ಆಸ್ಪತ್ರೆಯವರೆಗೂ ಎತ್ತಿನ ಗಾಡಿಯಲ್ಲಿ ಕುಲುಕಿಕೊಂಡು ಹೋಗಬೇಕಿತ್ತು.

“ಓವರ್‌ಸಿಯರ್ ಸಾಹೇಬ್ರೆ, ಮೂರು ಮಂಚ ಕೊಟ್ಟಿದ್ದೀರಿ, ಸಂತೋಷ. ಬಾಂಡ್ಲಿ ಎಲ್ಲಿ ಇಡ್ಲಿ, ನನ್ನ ತಲೆ ಮೇಲಾ?” ಎಂದರು ಚೆಲುವಮ್ಮ.

ಶಿವರುದ್ರಸ್ವಾಮಿಯವರು ಕೋಣೆಯ ಹಿಂಬದಿಗೆ ನಡೆದರು. ಬಚ್ಚಲಿಗೂ ಕೋಣೆಗೂ ನಡುವಿನ ಗೋಡೆಯ ಮೇಲೆ ಅಂಗೈ ಇಟ್ಟು ನೋಡಿದರು. ಆಮೇಲೆ, “ನಮ್ಮ ಮನೆಯ ಬೆಕ್ಕನ್ನ ಒಂದು ಮಾತು ಕೇಳಬೇಕು” ಎಂದರು. ಚೆಲುವಮ್ಮನವರು ಈ ಮನುಷ್ಯರಿಗೆ ಬಿಸಿಲು ಬಡಿದಿದೆಯೆಂದೇ ತಿಳಿದರಂತೆ.

ಅವರು ಮಾಡಿದ್ದು ಹೇಳಿದರೆ ಸುಲಭ, ಹೊಳೆಯುವುದು ಕಷ್ಟ. ನಡುಗೋಡೆಯನ್ನು ಒಡೆಸಿ ಅದರೊಳಗೇ ತಾಮ್ರದ ಹಂಡೆಯನ್ನು ಕೂರಿಸಿದರು. ಒಲೆಯ ಬಾಯಿ ಹೊರಗಿನ ಹಿತ್ತಿಲಿಗೆ; ಬಿಸಿನೀರಿನ ನಲ್ಲಿ ಬಚ್ಚಲಿಗೆ. ಹಂಡೆಗೆ ನೀರು ತುಂಬಲು ಮೇಲೊಂದು ತೊಟ್ಟಿ, ಅದರಿಂದ ಇಳಿದ ಕಬ್ಬಿಣದ ಪೈಪು. ಇಷ್ಟು ಎಲ್ಲರೂ ಮಾಡಿಯಾರು. ಆದರೆ ಒಲೆಯ ಹೊಗೆಯನ್ನು ನೇರ ಹೊರಗೆ ಬಿಡದೆ, ಕುಂಬಾರರು ಸುಟ್ಟ ಮಣ್ಣಿನ ಕೊಳವೆಯಲ್ಲಿ ಹಾಯಿಸಿ, ಕೋಣೆಯ ಗೋಡೆಯುದ್ದಕ್ಕೂ ಕಟ್ಟಿದ ಜಗಲಿಯ ಹೊಟ್ಟೆಯೊಳಗೆ ಓಡಿಸಿ, ಆಚೆ ತುದಿಯಲ್ಲಿ ಸೂರಿನಡಿಯ ಒಂದು ಕಿಂಡಿಯಿಂದ ಹೊರಗೆ ಹೋಗುವಂತೆ ಮಾಡಿದರು. ಬಾಣಂತಿಗೆ ನೀರು ಕಾಯುವಷ್ಟರಲ್ಲಿ ಜಗಲಿಯೂ ಕಾಯುತ್ತಿತ್ತು. ಕೂತರೆ ಬೆಂಚು, ಒರಗಿದರೆ ಬೆನ್ನಿಗೆ ಕಾವು, ಮೇಲೆ ಹರವಿದರೆ ಕೂಸಿನ ಬಟ್ಟೆ ಒಣಗುವ ಜಾಗ. ಬಾಂಡ್ಲಿ ಬೇಕಿಲ್ಲ, ಒಂದು ಮಂಚವೂ ಕದಲಬೇಕಿಲ್ಲ.

ಗಾರೆ ಕೆಲಸದ ನಾಗಯ್ಯನಿಗೆ ಮಾತ್ರ ಸಮಾಧಾನವಿರಲಿಲ್ಲ. “ಒಲೆ ಅಲ್ಲಿ, ಒಗೆ ಇಲ್ಲಿ, ಜಗ್ಲಿ ಮಧ್ಯದಲ್ಲಿ. ಮನೆಗೆ ಕಳ್ಳು ಇಕ್ದಂಗದೆ ಕಣ್ಸಾ!” ಎಂದ. ಕರುಳೆನ್ನುವುದು ಅವನ ಬಾಯಲ್ಲಿ ಹಾಗೆ.

“ಇಕ್ಕು ಮತ್ತೆ. ಹೊಟ್ಟೆ ಬೆಚ್ಚಗಿರೋದೇ ಕರುಳಿನಿಂದ” ಎಂದರು ಇವರು.

ಐವತ್ತೆಂಟರ ಪುಷ್ಯಮಾಸದಲ್ಲಿ ಆ ಜಗಲಿಗೆ ಮೊದಲ ಬಾಣಂತಿಯಾಗಿ ಬಂದವಳು ವೀರಮ್ಮ. ಚೊಚ್ಚಲು ಹೆರಿಗೆಗೆ ತವರಿಗೆ ಬಂದಿದ್ದಳು. ಕೂಸು ಹೆಣ್ಣು, ತೂಕದಲ್ಲಿ ಹಗುರ. ಜೊತೆಗಿದ್ದವರು ಅವಳ ತಾಯಿ ದೊಡ್ಡಬಸಮ್ಮ. ಊರಿನ ಎಷ್ಟೋ ಮಕ್ಕಳಿಗೆ ಕಾಲ ಮೇಲೆ ಹಾಕಿಕೊಂಡು ಎಣ್ಣೆ ನೀರು ಎರೆದ ಕೈ ಅದು. “ಇದು ಆಸ್ಪತ್ರೆಯಾ, ಕುರಿ ದೊಡ್ಡಿಯಾ? ನಮ್ಮ ದೊಡ್ಡಿನೇ ಇದ್ಕಿಂತ ಬೆಚ್ಚಗದೆ” ಎಂದು ಹಿಂದೊಮ್ಮೆ ಚೆಲುವಮ್ಮನವರ ಮುಖಕ್ಕೆ ಅಂದುಹೋಗಿದ್ದವರೂ ಇವರೇ. ಈ ಸಲ ಜಗಲಿಯ ಮೇಲೆ ಕೂತು, ಅತ್ತಿತ್ತ ಸರಿದು ನೋಡಿ, “ಊಂ, ಆಗಬೋದು” ಎಂದರು. ದೊಡ್ಡಬಸಮ್ಮನವರ ಬಾಯಲ್ಲಿ ‘ಆಗಬೋದು’ ಎಂದರೆ ಬೇರೆಯವರ ಬಾಯಲ್ಲಿ ಮೂರು ಚಪ್ಪಾಳೆ.

ಆ ಸಂಜೆ ಒಲೆ ಆರಿತ್ತು. ದೊಡ್ಡಬಸಮ್ಮನವರು ಜಗಲಿಯ ತುದಿಯಲ್ಲಿ, ಮಸಿ ತೆಗೆಯಲೆಂದು ಗಾರೆಯಿಲ್ಲದೆ ಇಟ್ಟ ಇಟ್ಟಿಗೆಯ ಸಂದಿಗೆ ಕೈಯಿಟ್ಟರೆ ತಣ್ಣನೆಯ ಗಾಳಿ ಸುಳಿಯಿತು. ಬಾಣಂತಿಯ ಕೋಣೆಗೆ ಗಾಳಿ ನುಗ್ಗುವುದೆಂದರೆ ನಮ್ಮ ಕಡೆಯ ಅಜ್ಜಿಯರಿಗೆ ಮನೆಗೆ ಹಾವು ನುಗ್ಗಿದ ಹಾಗೆ. ಅವರು ಹೊರಗೆ ಹೋಗಿ ಸುತ್ತ ನೋಡಿದರು. ಸೂರಿನಡಿ ಕಿಂಡಿ ಕಂಡಿತು. ಹೊಗೆ ಹೋಗಲು ಗೋಡೆಯಲ್ಲಿ ಕಿಂಡಿ ಇಡುವ ಪದ್ಧತಿ ಆ ಊರಿನ ಯಾವ ಮನೆಯಲ್ಲೂ ಇರಲಿಲ್ಲ. ಹೊಗೆಯೆಂಬುದು ಹೆಂಚಿನ ಸಂದಿಯಲ್ಲಿ ತಾನೇ ದಾರಿ ಹುಡುಕಿಕೊಳ್ಳುತ್ತಿತ್ತು. ಮಗ ಪುಟ್ಟಮಾದಪ್ಪನನ್ನು ಕೂಗಿದರು: “ಬಾರ್ಲಾ ಇಲ್ಲಿ. ಗೋಡೆಗೆ ತೂತು ಬುಟ್ಟು ಓಗವ್ರೆ, ನೋಡು. ಗೋಣಿಚೀಲ ತಕಂಡು ಬಂದು ಗಿಡುದ್ಬುಡು.”

ಪುಟ್ಟಮಾದಪ್ಪ ಅವ್ವನ ಮಾತು ಮೀರುವ ಮಗನಲ್ಲ. ಗೋಣಿಚೀಲವನ್ನು ಒದ್ದೆ ಮಾಡಿ, ಕಿಂಡಿಗೆ ತುರುಕಿ, ಒನಕೆಯಲ್ಲಿ ಒತ್ತಿ ಒತ್ತಿ ಗಿಡಿದ.

ಮರುದಿನ ಬೆಳಗ್ಗೆ ನೀರೆರೆಯುವ ಹೊತ್ತಿಗೆ ಒಲೆ ಹೊತ್ತಿಸಿದರು. ದಾರಿ ಕಟ್ಟಿದ ಹೊಗೆ ಜಗಲಿಯ ಸಂದಿಗಳಿಂದ ಕೋಣೆಗೇ ಉಕ್ಕಿತು. ಚೆಲುವಮ್ಮನವರು ಕೂಸನ್ನೆತ್ತಿಕೊಂಡು ಹೊರಗೋಡಿದರು, ಪುಟ್ಟಮಾದಪ್ಪ ತಂಗಿಯನ್ನು ಹೊತ್ತು ತಂದ. ಕೂಸು ಸ್ವಲ್ಪ ಹೊತ್ತು ಅಳಲೇ ಇಲ್ಲ. ಆಮೇಲೆ ಅತ್ತಿತು.

ಸುದ್ದಿ ಮೇಲಕ್ಕೆ ಹೋಯಿತು, ಮೇಲಿನಿಂದ ಜೀಪು ಬಂತು. ಬಂದ ಅಧಿಕಾರಿಗಳು ಕೆಟ್ಟವರೇನಲ್ಲ, ಹೊಗೆಯಿಂದ ಕಪ್ಪಾದ ಗೋಡೆ ನೋಡಿ ಯಾರಾದರೂ ಹೇಳಬಹುದಾದದ್ದನ್ನೇ ಹೇಳಿದರು: “ಜಗಲಿ ಒಡೆದು ಹಾಕಿ. ಹಂಡೆ ಕೀಳಿಸಿ. ಅಲ್ಲಿಯವರೆಗೆ ಕೋಣೆಗೆ ಬೀಗ.” ಜಗಲಿ ಹೋದರೆ ಬಾಣಂತಿಯರು ನಿಲ್ಲುವುದಿಲ್ಲ, ನಿಲ್ಲದಿದ್ದರೆ ಆ ಬೀಗ ಮತ್ತೆ ತೆರೆಯುವುದಿಲ್ಲ ಎಂಬುದು ಅಲ್ಲಿದ್ದ ಎಲ್ಲರಿಗೂ ತಿಳಿದಿತ್ತು. ಆಮೇಲೆ ಅಧಿಕಾರಿಗಳು, ಕಿಂಡಿ ಮುಚ್ಚಿದವರು ಯಾರೆಂದು ಕೇಳಿದರು.

ಪುಟ್ಟಮಾದಪ್ಪ ತಲೆ ತಗ್ಗಿಸಿದ. ಶಿವರುದ್ರಸ್ವಾಮಿಯವರು ಎರಡು ಹೆಜ್ಜೆ ಮುಂದೆ ಬಂದು ನಿಂತರು. ಎದುರಿನ ಸಾಲಿನಲ್ಲಿ ಮುಖ ಸಪ್ಪೆಯಾದ ದೊಡ್ಡಬಸಮ್ಮನವರಿದ್ದರು. ಅವರನ್ನು ಬೆರಳು ಮಾಡಿ ತೋರಿಸಿದ್ದರೆ ಓವರ್‌ಸಿಯರರ ಮೇಲಿನ ದೂರು ಅಲ್ಲಿಗೇ ಮುಗಿಯುತ್ತಿತ್ತು. ಶಿವರುದ್ರಸ್ವಾಮಿಯವರಿಗೆ ಆಗ ಹೊಳೆದದ್ದು ಬೇರೆಯೇ. ಹೊಗೆಯ ದಾರಿಯನ್ನು ತಾವು ಕಚೇರಿಗೆ ಬರೆದು ತೋರಿಸಿದ್ದರು, ನಾಗಯ್ಯನಿಗೆ ನೆಲದ ಮೇಲೆ ಗೀಚಿ ತೋರಿಸಿದ್ದರು. ಆ ಕೋಣೆಯಲ್ಲಿ ಇರಬೇಕಾದವರಿಗೆ ಮಾತ್ರ ತೋರಿಸಿರಲಿಲ್ಲ.

“ಸರ್, ಆ ಕಿಂಡಿ ಯಾಕೆ ಅಂತ ಇವರಿಗೆ ನಾನು ಹೇಳಲಿಲ್ಲ. ಹೇಳದೆ ಇಟ್ಟ ತೂತನ್ನ ಯಾರಾದರೂ ಮುಚ್ಚುತ್ತಾರೆ. ತಪ್ಪು ಕಟ್ಟಿದವನದು” ಎಂದರು.

ದೊಡ್ಡಬಸಮ್ಮನವರಿಗೆ ಅದನ್ನು ಕೇಳಿ ನಿಲ್ಲಲಾಗಲಿಲ್ಲ. “ಅದೆಂಗಾದದು ಸಾ? ಗಿಡಿಸ್ದೋಳು ನಾನು. ಆ ಯಪ್ಪ ಯಾಕೆ ತನ್ನ ಮೇಲಾಕ್ಕೊಂಡದು?” ಎಂದು ಗಂಟಲೆತ್ತಿದರು. “ಒಗೆ ಓಗೋ ದಾರಿ ಅಂತ ನಂಗೆ ಗೊತ್ತಿರ್ನಿಲ್ಲ. ಈಗ ಗೊತ್ತಾಯ್ತು. ಗೊತ್ತಾದ್ ಮ್ಯಾಕೆ ಒಡೀತೀರಾ? ಇನ್ನೂ ಹತ್ತು ದಿನ ನನ್ ಮಗಳಿಗೆ ನೀರು ಎಲ್ಲುಯ್ಯನ, ನಿಮ್ಮ ಜೀಪಿನೊಳ್ಗಾ?”

ಜೀಪಿನ ಡ್ರೈವರ್ ನಕ್ಕುಬಿಟ್ಟ. ಅಧಿಕಾರಿಗಳು ಅವನತ್ತ ನೋಡಿದರು, ಆಮೇಲೆ ತಾವೂ ನಕ್ಕರು. ಆದರೂ ಬಿಡಲಿಲ್ಲ. “ನಾಳೆ ಇನ್ನೊಬ್ಬ ಅಜ್ಜಿ ಬಂದು ಇನ್ನೊಂದು ಗೋಣಿಚೀಲ ತುರುಕಿದರೆ?” ಎಂದು ಶಿವರುದ್ರಸ್ವಾಮಿಯವರನ್ನು ಕೇಳಿದರು. ಅದು ನ್ಯಾಯವಾದ ಪ್ರಶ್ನೆ. ಇವರು ತಿರುಗಿ ದೊಡ್ಡಬಸಮ್ಮನವರನ್ನೇ ಕೇಳಿದರು: “ಏನು ಮಾಡಿದ್ರೆ ನೀವು ಮುಚ್ಚುತ್ತಿರಲಿಲ್ಲ, ಅವ್ವಾ?”

ಅವರು ಸ್ವಲ್ಪ ಯೋಚಿಸಿ ಹೇಳಿದ್ದು ಇಷ್ಟು: “ತೂತು ಕಂಡ್ರೆ ಮುಚ್ತೀವಿ. ಮ್ಯಾಲೆ ಒಂದು ಗಡಗೆ ಕವುಚಿ, ಇಬೂತಿ ಎಳ್ದುಬುಡಿ. ಇಬೂತಿ ಇಟ್ಟಿರೋ ಗಡಗೆಗೆ ಯಾವಳು ಗೋಣಿಚೀಲ ತುರುಕ್ತಾಳೆ, ನಾನೂ ನೋಡ್ತೀನಿ!”

ಹಾಗೆಯೇ ಆಯಿತು. ನಾಗಯ್ಯ ಕಿಂಡಿಯನ್ನು ಮುಚ್ಚಿ ಕೊಳವೆಯನ್ನು ಹೆಂಚಿನ ಮೇಲಕ್ಕೆ ಎತ್ತರಿಸಿದ, ಜಗಲಿಯ ಸಂದಿಗಳನ್ನೆಲ್ಲ ಗಾರೆಯಿಂದ ಬಿಗಿ ಮಾಡಿದ. ತುದಿಗೆ, ಸುತ್ತ ತೂತು ಕೊರೆದ ಮಣ್ಣಿನ ಗಡಿಗೆಯನ್ನು ಕವುಚಿ ಕೂರಿಸಿದರು. ಅದಕ್ಕೆ ಮೂರು ಪಟ್ಟೆ ವಿಭೂತಿ ಎಳೆದದ್ದು ದೊಡ್ಡಬಸಮ್ಮನವರ ಕೈ. ಅಧಿಕಾರಿಗಳು ಮತ್ತೊಮ್ಮೆ ಬಂದು, ಒಲೆ ಹಚ್ಚಿಸಿ, ಜಗಲಿಯ ಮೇಲೆ ಕೂತು, ಬೆನ್ನು ಕಾಯಿಸಿಕೊಂಡು ಎದ್ದುಹೋದರು. ಬೀಗದ ಮಾತು ಮತ್ತೆ ಬರಲಿಲ್ಲ. ಬಾಣಂತಿಯರು ನಿಂತರು. ರಾಮಾಪುರ, ಬಂಡಳ್ಳಿ ಕಡೆಯವರ ಬಾಯಲ್ಲಿ ಅದು ‘ಇಬೂತಿ ಗಡಗೆ ಆಸ್ಪತ್ರೆ’ಯಾಯಿತು, ದಾರಿ ಕೇಳುವವರು ಬೆಳಗ್ಗೆ ಹೊಗೆ ನೋಡಿಕೊಂಡೇ ಬರುತ್ತಿದ್ದರು.

ಅಲ್ಲಿಂದಾಚೆಗೆ ಶಿವರುದ್ರಸ್ವಾಮಿಯವರ ಸೇವೆ ಯಳಂದೂರು, ಮತ್ತೆ ಹನೂರು, ಕೊನೆಗೆ ಕೊಳ್ಳೇಗಾಲ ಎಂದು ಸಾಗಿತು. ಬೆಟ್ಟದ ಪ್ರವಾಸಿ ಬಂಗಲೆಗೂ, ಇಕ್ಕಟ್ಟಾದ ಹಾಸ್ಟೆಲ್ಲಿಗೂ, ದಾದಿಯರ ವಸತಿಗೂ ಇದೇ ಒಂದು ಒಲೆಯ ಯುಕ್ತಿಯನ್ನು ಅವರು ಬೇರೆ ಬೇರೆ ರೂಪದಲ್ಲಿ ಅಳವಡಿಸಿದರು. ಆದರೆ ಅವರ ಕೈಕೆಳಗೆ ದುಡಿದ ನಮ್ಮಂಥವರ ನೆನಪಿನಲ್ಲಿ ಹೆಚ್ಚು ಉಳಿದಿರುವುದು ಅವರು ಎಂದೂ ತಪ್ಪಿಸದ ಒಂದು ಪದ್ಧತಿ. ಕಟ್ಟಡ ಮುಗಿದ ಮೇಲೆ, ಉದ್ಘಾಟನೆಗೆ ಮೊದಲು, ಅಲ್ಲಿ ಇರುವವರನ್ನು, ಅದರಲ್ಲೂ ಹೆಂಗಸರನ್ನು, ಕರೆಸುತ್ತಿದ್ದರು. ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ, ಯಾವ ತೂತು ಯಾಕೆ ಎಂದು ಮುಂದೆ ನಿಂತು ತೋರಿಸಿ, “ಈಗ ನಿಮ್ಮ ಮಾತು ಹೇಳಿ” ಎನ್ನುತ್ತಿದ್ದರು. ಬೈದರೆ ಬೈಸಿಕೊಳ್ಳುತ್ತಿದ್ದರು. ಒಂದೆರಡು ಸಲ ನಲ್ಲಿಯನ್ನು ಕಿತ್ತು ಬೇರೆ ಕಡೆ ಇಡಿಸಿದ್ದೂ ಉಂಟು.

ಕಳೆದ ತಿಂಗಳು ಅವರು ಕಲ್ಬಾವಿಪಾಳ್ಯಕ್ಕೆ ಕೊನೆಯ ಬಾರಿ ತಪಾಸಣೆಗೆ ಹೋದಾಗ ಜಗಲಿಯ ಮೇಲೆ ಒಬ್ಬ ಬಾಣಂತಿ ಒರಗಿದ್ದಳು. ಅವಳು ಶಿವರತ್ನಮ್ಮ, ಅಂದು ಹೊಗೆಯಲ್ಲಿ ಅಳು ಮರೆತಿದ್ದ ವೀರಮ್ಮನ ಕೂಸು. ಅಜ್ಜಿಯ ಹಠಕ್ಕೆ ಚೊಚ್ಚಲು ಹೆರಿಗೆಗೆ ಇಲ್ಲಿಗೇ ಬಂದಿದ್ದಳು. ಹಿತ್ತಿಲಲ್ಲಿ ಒಲೆಗೆ ಸೌದೆ ಒಟ್ಟುತ್ತ ಕೂತಿದ್ದವರು ಬೆನ್ನು ಬಾಗಿದ ದೊಡ್ಡಬಸಮ್ಮ. ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು.

“ರಿಟೈರಾಗ್ತೀರಂತೆ?”

“ಹೌದವ್ವಾ. ಇನ್ನು ಮನೇಲಿ.”

“ಮನೇಲಿ ಕುಂತ್ರೆ ಆಗಾಕಿಲ್ಲ. ಗಡಗೆ ಬಿರುಕು ಬುಟ್ಟದೆ, ಹೊಸದು ಇಕ್ಕಬೇಕು. ನೀವು ಏಣಿ ಹತ್ತಿ, ಇಬೂತಿ ನಾನು ಕೊಡ್ತೀನಿ.”

ಶಿವರುದ್ರಸ್ವಾಮಿಯವರು ಅಂಗಿಯ ತೋಳು ಮಡಿಸಿದರು. ಏಣಿಯನ್ನು ಪುಟ್ಟಮಾದಪ್ಪ ಹಿಡಿದುಕೊಂಡ. ಹೊಸ ಗಡಿಗೆಗೆ ಮೂರು ಪಟ್ಟೆ ಎಳೆದು ಅವರು ಇಳಿಯುವ ಹೊತ್ತಿಗೆ ಕೆಳಗೆ ಒಲೆ ಹತ್ತಿತ್ತು, ಮೇಲೆ ಹೊಗೆ ನೆಟ್ಟಗೆ ಏಳುತ್ತಿತ್ತು. ಒಳಗಿನಿಂದ ಕೂಸಿನ ಅಳು ಜೋರಾಗಿ ಕೇಳಿಸಿತು.

ಅವರ ಮೈಯಲ್ಲಿ ಏಣಿ ಹತ್ತುವ ಕಸುವು ಬಹುಕಾಲ ಇರಲಿ. ನಮ್ಮ ಊರುಗಳಲ್ಲಿ ಇನ್ನೂ ತಣ್ಣಗಿರುವ ಗೋಡೆಗಳು ಬೇಕಾದಷ್ಟಿವೆ. ಅವುಗಳ ಮೇಲೆ ಅವರ ಅಂಗೈ ಬೀಳುತ್ತಿರಲಿ. ನಮ್ಮ ಬೆಟ್ಟದ ದೇವರು ಮಾದಪ್ಪನು ಅವರನ್ನೂ ಅವರ ಮನೆಯವರನ್ನೂ ಬೆಚ್ಚಗೆ ಇಟ್ಟಿರಲಿ.