ಕೋನಾ ಬಾರಿಗೆ ಹದಿನೈದು ವರ್ಷ ಕಡಲೇಬೀಜ ಕೊಟ್ಟ ವಿಜಿ

ಧನಂಜಯ ಮುಂದಿಟ್ಟ ಕಾಗದವನ್ನು ವಿಜಿ ಎರಡು ಸಲ ಓದಿದಳು. ಮೊದಲ ಸಲ ಅರ್ಥವಾಗಲಿಲ್ಲ; ಎರಡನೆಯ ಸಲ, ಅರ್ಥವಾದದ್ದನ್ನು ನಂಬಲಾಗಲಿಲ್ಲ.

ಕೋನಾ ಬಾರಿನಲ್ಲಿ ಗಂಡಸರು ಗಂಡಸರ ಜೊತೆ, ಹೆಂಗಸರು ಹೆಂಗಸರ ಜೊತೆ ಅಸಭ್ಯವಾಗಿ ವರ್ತಿಸುವುದನ್ನು ತಾನು ಕಣ್ಣಾರೆ ಕಂಡಿದ್ದೇನೆ ಎಂದು ಅದರಲ್ಲಿ ಇಂಗ್ಲಿಷಿನಲ್ಲಿ ಟೈಪ್ ಮಾಡಿತ್ತು. ಕೆಳಗೆ ಅವಳ ಪೂರ್ತಿ ಹೆಸರು, ಸಹಿಗೆ ಒಂದು ಗೆರೆ.

"ಮೇಡಂ, ಅದು ಗೇ ಬಾರು. ಶುರುವಾದಾಗಿಂದ್ಲೂ ಅದೇ. ವಾರಕ್ಕೆರಡು ಸಲ ಹೋಗ್ತೀರಿ, ನಿಮಗೆ ಗೊತ್ತಿಲ್ಲ ಅಂದ್ರೆ ಯಾರು ನಂಬ್ತಾರೆ?"

ಧನಂಜಯನೆಂದರೆ ಯುಗಾದಿ, ದೀಪಾವಳಿಗಳಲ್ಲಿ ಸಿಗುವ ಊರಿನ ಕಡೆಯ ಪರಿಚಯಸ್ಥ. ಬಾರ್ ಇದ್ದ ಕಟ್ಟಡವನ್ನು ಹೊಸದಾಗಿ ಕೊಂಡವರ ಪರವಾಗಿ ಬಾಡಿಗೆದಾರರನ್ನು ನೋಡಿಕೊಳ್ಳುತ್ತಿದ್ದ. ಕರಾರು ಮುಗಿಯಲು ಇನ್ನೂ ನಾಲ್ಕು ವರ್ಷವಿತ್ತು. ಈಗಲೇ ಎಬ್ಬಿಸಬೇಕೆಂದರೆ ಒಂದು ಕಾರಣ ಬೇಕು, ಒಬ್ಬ ಸಾಕ್ಷಿ ಬೇಕು. "ಅರ್ಜೆಂಟ್ ಇಲ್ಲ, ಮುಂದಿನ ವಾರ ಬರ್ತೀನಿ" ಎಂದು ಕಾಫಿ ಕುಡಿದು ಹೊರಟ.

ವಿಜಿ ನೈರೋಬಿಯ ಕಿಲೆಲೆಶ್ವಾ ಬಡಾವಣೆಯ ತನ್ನ ಫ್ಲ್ಯಾಟಿನ ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಕೂತೇಬಿಟ್ಟಳು. ಎದುರಿಗೇ ಆ ಬಾರಿಗೆಂದು ಹುರಿದಿಟ್ಟ ಕಾಂಗ್ರೆಸ್ ಕಡಲೇಬೀಜದ ಡಬ್ಬಿ ಇತ್ತು.

ಗಂಡ ದ್ವಾರಕಾನಾಥ್ ಔಷಧ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ಮ್ಯಾನೇಜರ್. ಅವನ ಜೊತೆ ನೈರೋಬಿಗೆ ಬಂದ ಮರುವರ್ಷ, ಅಂದರೆ ೨೦೦೯ರಲ್ಲಿ, ದೀಪಾವಳಿ ಮೇಳದಲ್ಲಿ ವಿಜಿ ಹಾಕಿದ್ದ ತಿಂಡಿ ಸ್ಟಾಲಿಗೆ ಗ್ಲೋರಿಯಾ ಎಂಬ ಎತ್ತರದ ಹೆಂಗಸು ಬಂದಳು. ಒಂದು ಹಿಡಿ ಕಡಲೇಬೀಜ ಬಾಯಿಗೆ ಹಾಕಿಕೊಂಡು, ಬಿಯರ್ ಜೊತೆಗೆ ಇದೇ ಬೇಕೆಂದಳು. ಅವತ್ತಿನಿಂದ ಪ್ರತಿ ಮಂಗಳವಾರ, ಶನಿವಾರ ವಿಜಿ ಕೋನಾ ಬಾರಿನ ಹಿಂಬಾಗಿಲಿಗೆ ಡಬ್ಬಿ ಒಯ್ಯುತ್ತಿದ್ದಳು. ಕೋನಾ ಅಂದರೆ ಸ್ವಾಹಿಲಿಯಲ್ಲಿ ಮೂಲೆ. ದ್ವಾರಕಾನಾಥ್ ಮಾತ್ರ ಅದನ್ನು ಕೋಣನ ಬಾರ್ ಎಂದೇ ಕರೆಯುತ್ತಿದ್ದ. ಹಿಂದೆ ಅಡುಗೆಮನೆ, ಅಲ್ಲಿ ಕೊತ್ತಂಬರಿ ಹೆಚ್ಚುತ್ತಾ ನಿಂತಿರುವ ಅಡುಗೆಯ ಪೀಟರ್: ಒಂದೇ ಒಂದು ಸಲ ಬಿಟ್ಟರೆ ವಿಜಿ ಕಂಡ ಬಾರ್ ಇಷ್ಟೇ.

ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಬಾರಿನ ಅಡುಗೆಮನೆಗೆ ಹೋಗಿ ಅವಳು ಕಾಗದವನ್ನು ಗ್ಲೋರಿಯಾಳ ಕೈಗಿಟ್ಟಳು. "ನಿಜನಾ ಇದು?"

ಗ್ಲೋರಿಯಾ ಓದಿದಳು. "ಅಸಭ್ಯ ಅನ್ನೋದು ಸುಳ್ಳು. ಉಳಿದಿದ್ದು ನಿಜ. ಮಮಾ ವಿಜಿ, ನಿಂಗೆ ನಿಜವಾಗ್ಲೂ ಗೊತ್ತಿರ್ಲಿಲ್ವಾ?"

"ಹೇಗೆ ಗೊತ್ತಾಗತ್ತೆ? ಯಾರು ಹೇಳಿದ್ರಿ ನಂಗೆ?"

ಗ್ಲೋರಿಯಾ ಕುರ್ಚಿ ಎಳೆದುಕೊಂಡು ಹೇಳತೊಡಗಿದಳು. ಮೊದಲು ಅವಳು ನರ್ಸ್ ಆಗಿದ್ದಳಂತೆ. ೨೦೦೬ರಲ್ಲಿ, ಅಣ್ಣಂದಿರೇ ಹೊಡೆದು ಮನೆಯಿಂದ ಹೊರಹಾಕಿದ್ದ ಪೀಟರನನ್ನು ಜೊತೆಗೆ ಸೇರಿಸಿಕೊಂಡು ನಾಲ್ಕು ಮೇಜಿನ ಬಾರ್ ತೆರೆದಳು. ಹೊರಗಿನವರ ಕಣ್ಣಿಗೆ ಟೀವಿಯಲ್ಲಿ ಫುಟ್‌ಬಾಲ್, ಕೆಂಡದ ಮೇಲೆ ಮಾಂಸ, ಎಲ್ಲ ಬಾರಿನ ಹಾಗೇ. ಒಳಗೆ ಬರುವವರಿಗೆ ನಿಯಮ ಒಂದೇ, ಫೋಟೋ ತೆಗೆಯಬಾರದು. ಈ ದೇಶದ ಕಾನೂನಿನ ಪ್ರಕಾರ ಅವರ ಪ್ರೀತಿಯೇ ಅಪರಾಧ. ಪೊಲೀಸರು ಬಂದರೆ ಗಂಡು ಹೆಣ್ಣು ಜೋಡಿಯಾಗಿ ಕೂತುಬಿಡುತ್ತಿದ್ದರು.

ಜೋಡಿಯಾಗಿ ಕೂರುವುದು ಎಂದೊಡನೆ ವಿಜಿಗೆ ಹಳೆಯದೊಂದು ನೆನಪು ಬಂತು.

ಒಂಬತ್ತು ವರ್ಷದ ಹಿಂದೆ ಒಂದು ಶನಿವಾರ ಮಧ್ಯಾಹ್ನ ಡಬ್ಬಿ ಇಳಿಸುತ್ತಿದ್ದವಳನ್ನು ಗ್ಲೋರಿಯಾ ಕೈ ಹಿಡಿದು ಒಳಗೆ ಎಳೆದೊಯ್ದು ಪೀಟರನ ಪಕ್ಕ ಕೂರಿಸಿದ್ದಳು. "ಎರಡೇ ನಿಮಿಷ, ಇವನ ಕೈ ಹಿಡ್ಕೊ." ಯಾರದೋ ಹುಟ್ಟುಹಬ್ಬದ ಆಟವೆಂದುಕೊಂಡ ವಿಜಿ ನಗುತ್ತಾ ಹಿಡಿದಿದ್ದಳು. ಯೂನಿಫಾರ್ಮಿನವನೊಬ್ಬ ಬಂದು ಸ್ವಾಹಿಲಿಯಲ್ಲಿ ಏನೋ ಕೇಳಿದ. ಪೀಟರ್ ಏನೋ ಹೇಳಿದ. ಅವಳು ತನಗೆ ಗೊತ್ತಿದ್ದ ಒಂದೇ ಪದ ಹೇಳಿದ್ದಳು: "ಸವಾ, ಸವಾ." ಸರಿ, ಸರಿ.

"ಅವತ್ತು ಆ ಪೊಲೀಸ್ ಏನು ಕೇಳಿದ್ದು?" ಎಂದಳು ವಿಜಿ.

ಪಕ್ಕದಲ್ಲಿ ಕೊತ್ತಂಬರಿ ಹೆಚ್ಚುತ್ತಿದ್ದ ಪೀಟರ್ ಚಾಕು ಕೆಳಗಿಟ್ಟ. "ಇವಳು ನಿನ್ನ ಹೆಂಡ್ತಿನಾ ಅಂತ. ಹೌದು ಅಂದೆ. ನೀವೂ ಹೌದು ಅಂದ್ರಿ. ಅವನು ಪುಸ್ತಕದಲ್ಲಿ ಬರ್ಕೊಂಡ."

"ಅಯ್ಯೋ ರಾಮ!" ವಿಜಿ ಎರಡೂ ಕೈ ತಲೆಯ ಮೇಲಿಟ್ಟುಕೊಂಡಳು. ಕೊರಳಲ್ಲಿ ತಾಳಿ ಇರುವವಳು ಪರದೇಶದ ಪೊಲೀಸರ ಪುಸ್ತಕದಲ್ಲಿ ಇನ್ನೊಬ್ಬನ ಹೆಂಡತಿ! ಆಮೇಲೆ ಸಿಟ್ಟು ಉಕ್ಕಿತು. "ನನ್ನ ಅರೆಸ್ಟ್ ಮಾಡಿದ್ರೆ? ಒಂದು ಮಾತು ಹೇಳೋಕಾಗ್ಲಿಲ್ವಾ ಗ್ಲೋರಿಯಾ, ಆಮೇಲಾದ್ರೂ?"

"ಹೇಳಿದ್ರೆ ನೀನು ಮತ್ತೆ ಬರ್ತಿರ್ಲಿಲ್ಲ. ನಂಗೆ ಅದೇ ಭಯ. ತಪ್ಪಾಯ್ತು."

ವಿಜಿ ಕಾಗದ ಎತ್ತಿಕೊಂಡು ಹೊರಟುಬಂದಳು.

ಸಂಜೆ ಗಂಡನಿಗೆ ಎಲ್ಲ ಹೇಳಿದಾಗ ಅವನು ಕಂಗಾಲಾದ. "ಸೈನೂ ಬೇಡ, ಕಡ್ಲೆಬೀಜಾನೂ ಬೇಡ. ವರ್ಕ್ ಪರ್ಮಿಟ್ ಮೇಲೆ ಇರೋರು ನಾವು." ಅವನದು ತಪ್ಪೆನ್ನುವಂತಿರಲಿಲ್ಲ. ಆ ಶನಿವಾರ ವಿಜಿ ಹೋಗಲಿಲ್ಲ. ಮಂಗಳವಾರವೂ ಹೋಗಲಿಲ್ಲ. ಆದರೆ ಪಾತ್ರೆ ತೊಳೆಯುವಾಗ, ಬಟ್ಟೆ ಮಡಿಸುವಾಗ ಆ ಎರಡು ನಿಮಿಷವೇ ಕಣ್ಣ ಮುಂದೆ ಬರುತ್ತಿತ್ತು. ಪೀಟರನ ಅಂಗೈ ತಣ್ಣಗೆ ಒದ್ದೆಯಾಗಿತ್ತು. ಹುಟ್ಟುಹಬ್ಬಕ್ಕೆ ಯಾಕಿಷ್ಟು ನಾಚಿಕೆ ಈ ಮನುಷ್ಯನಿಗೆ ಎಂದು ಅವತ್ತು ಅವಳು ನಕ್ಕಿದ್ದಳು.

ಬುಧವಾರ ಧನಂಜಯ ಬಂದ. "ಸೈನ್ ಆಯ್ತಾ?"

"ಇಲ್ಲ. ಇದರಲ್ಲಿ ಬರೆದಿರೋದನ್ನ ನಾನು ನೋಡಿಲ್ಲ."

"ಒಂದು ಸಲ ಒಳಗೆ ಹೋಗಿದ್ರಂತಲ್ಲ, ಕಟ್ಟಡದ ವಾಚ್‌ಮನ್ ಹೇಳ್ದ. ಏನು ನೋಡಿದ್ರಿ?"

"ಒಳಗೆ ಕಾಲಿಟ್ಟಾಗ ಇಬ್ಬರು ಮುದುಕರು ಒಂದೇ ತಟ್ಟೆಯಲ್ಲಿ ತಿಂತಿದ್ರು. ಒಬ್ಬರಿಗೆ ಖಾರ ಆಗಲ್ಲ ಅಂತ ಇನ್ನೊಬ್ಬರು ಕಡ್ಲೆಬೀಜದಲ್ಲಿ ಹಸಿಮೆಣಸಿನಕಾಯಿ ಆರಿಸ್ತಿದ್ರು. ಬೇಕಿದ್ರೆ ಅದನ್ನ ಬರ್ಕೊಡ್ತೀನಿ."

ಧನಂಜಯನ ಮುಖ ಕೆಂಪಾಯಿತು. "ನಾಳೆ ನಮ್ಮವರಿಗೆಲ್ಲ ಗೊತ್ತಾದ್ರೆ ನಿಮ್ಮ ಮರ್ಯಾದೆ ಏನಾಗತ್ತೆ, ಯೋಚನೆ ಮಾಡಿ." ಒಳಕೋಣೆಯಲ್ಲಿದ್ದ ದ್ವಾರಕಾನಾಥ್ ಆಗ ಹೊರಗೆ ಬಂದ. "ಅವಳು ನೋಡಿಲ್ಲ ಅಂದ್ಲಲ್ಲ. ಕಾಗದ ತಗೊಂಡು ಹೋಗಿ" ಎಂದ. ಗಂಡನ ಬಾಯಿಂದ ಈ ಮಾತು ಬಂದದ್ದು ಕೇಳಿ ವಿಜಿ ಮತ್ತೊಮ್ಮೆ ದಂಗಾದಳು.

ಅವಳು ಸಹಿ ಹಾಕದಿದ್ದರೂ ಬಾರ್ ಅಲ್ಲಿ ಉಳಿಯಲಿಲ್ಲ. ಸಾಕ್ಷಿ ಸಿಗದೆ ಹೊಸ ಮಾಲೀಕರು ನೀರು ನಿಲ್ಲಿಸಿದರು, ರಿಪೇರಿಯ ನೆಪದಲ್ಲಿ ಮುಂಬಾಗಿಲು ಕಿತ್ತರು. ಮೂರು ತಿಂಗಳಲ್ಲಿ ಗ್ಲೋರಿಯಾ ತಾನಾಗಿಯೇ ಖಾಲಿ ಮಾಡಿ ನೈರೋಬಿಯದೇ ಲಂಗಾಟಾ ಬಡಾವಣೆಯ ಕಡೆ ಬೇರೆ ಹೆಸರಿನಲ್ಲಿ ಚಿಕ್ಕದೊಂದು ಜಾಗ ಹಿಡಿದಳು. ದೀಪಾವಳಿ ಮೇಳದಲ್ಲಿ ಈ ಸಲ ವಿಜಿಗೆ ಸ್ಟಾಲ್ ಕೊಡಲಿಲ್ಲ. ಯಾಕೆಂದು ಯಾರೂ ಹೇಳಲಿಲ್ಲ, ಅವಳೂ ಕೇಳಲಿಲ್ಲ.

ಹೊಸ ಜಾಗಕ್ಕೆ ಮೊದಲ ಡಬ್ಬಿ ಒಯ್ದ ದಿನ, ಮುಥೋನಿ ಎಂಬ ಹೆಂಗಸು ಬಾಗಿಲಲ್ಲಿ ಬಂದು ಅವಳನ್ನು ತಬ್ಬಿಕೊಂಡಳು. ಪರಿಚಯ ಮಾಡಿಸುತ್ತಾ ಗ್ಲೋರಿಯಾ, "ಇಪ್ಪತ್ತು ವರ್ಷದಿಂದ ನನ್ನ ಸಂಸಾರ" ಎಂದಳು.

ವಿಜಿ ಹತ್ತಿರದ ಕುರ್ಚಿ ಹಿಡಿದುಕೊಂಡಳು. "ಸ್ವಲ್ಪ ನೀರು ಕೊಡಿ. ಇನ್ನೇನಾದ್ರೂ ಹೇಳೋದಿದ್ರೆ ಇವತ್ತೇ ಎಲ್ಲಾ ಹೇಳ್ಬಿಡಿ."